ತಲೆ ಮತ್ತು ಕುತ್ತಿಗೆ ಕ್ಯಾನ್ಸರ್ ಚಿಕಿತ್ಸೆಯ ನಂತರದ ಬಾವು: ರೋಗಿಗೆ ಸ್ವಯಂ ಆರೈಕೆ ಕಲಿಸುವ ಬಗೆ

ದೇಹದ ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಸುಮಾರು ಮೂರನೇ ಒಂದು ಪಾಲು ತಲೆ ಮತ್ತು ಕುತ್ತಿಗೆಯಲ್ಲಿಯೇ ಇರುವುದರಿಂದ, ಶಸ್ತ್ರಚಿಕಿತ್ಸೆಯಲ್ಲಿ ಆ ಗ್ರಂಥಿಗಳನ್ನು ತೆಗೆದಾಗ ಅಥವಾ ರೇಡಿಯೇಶನ್‌ನಿಂದ ಸುತ್ತಲಿನ ಅಂಗಾಂಶ ಗಡುಸಾದಾಗ ದುಗ್ಧರಸ, ಅಂದರೆ ಅಂಗಾಂಶಗಳಿಂದ ಹೊರಡುವ ತಿಳಿ ದ್ರವ, ಹರಿದುಹೋಗುವ ದಾರಿಗೆ ಅಡ್ಡಿಯಾಗುತ್ತದೆ. ಹೀಗೆ ದ್ರವ ನಿಂತು ಉಂಟಾಗುವ ಬಾವೇ ಲಿಂಫೆಡೀಮಾ. ಅನೇಕರಲ್ಲಿ ಇದು ಚಿಕಿತ್ಸೆ ಮುಗಿದು ಕೆಲವು ತಿಂಗಳಾದ ಮೇಲೆ, ಇನ್ನು ಎಲ್ಲ ಮುಗಿಯಿತೆಂದು ರೋಗಿ ನಿರಾಳವಾಗಿರುವ ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಅದರ ಬಗ್ಗೆ ಚಿಕಿತ್ಸೆಗೆ ಮುಂಚೆಯೇ ತಿಳಿಸಿರುವುದು ಲೇಸು. ಇಲ್ಲದಿದ್ದರೆ ಗದ್ದದ ಕೆಳಗೆ ಊದಿಕೊಂಡ ದಿನ ರೋಗಿಗೆ ಕ್ಯಾನ್ಸರ್ ಮರಳಿ ಬಂತೆಂಬ ಭಯವೇ ಮೊದಲು ಹುಟ್ಟುತ್ತದೆ.

ಕಣ್ಣಿಗೆ ಕಾಣುವ ಬಾವು ಅರ್ಧ ಮಾತ್ರ. ನಾಲಿಗೆಯ ಬುಡ, ಗಂಟಲು ಮತ್ತು ಧ್ವನಿಪೆಟ್ಟಿಗೆಯ ಒಳಗೂ ದ್ರವ ನಿಲ್ಲಬಹುದಾದ್ದರಿಂದ, ನುಂಗುವುದು ಕಷ್ಟವಾಗಿದೆಯೇ, ಧ್ವನಿ ಬದಲಾಗಿದೆಯೇ, ಮಲಗಿದಾಗ ಉಸಿರು ಕಟ್ಟುತ್ತದೆಯೇ ಎಂದು ಕೇಳಲೇಬೇಕು. ಹೊರಗಿನ ಬಾವು ಸಾಮಾನ್ಯವಾಗಿ ಬೆಳಿಗ್ಗೆ ಎದ್ದಾಗ ಹೆಚ್ಚಿದ್ದು, ಎದ್ದು ಓಡಾಡುತ್ತಿದ್ದಂತೆ ಇಳಿಯುತ್ತದೆ. ಈ ಏರಿಳಿತವನ್ನು ವಿವರಿಸಿದರೆ ತಲೆಯ ಕಡೆ ಹಾಸಿಗೆಯನ್ನು ಏರಿಸಿ ಮಲಗಬೇಕೆಂಬ ಸಲಹೆಗೆ ಕಾರಣ ತಾನಾಗಿಯೇ ಸಿಗುತ್ತದೆ, ಕಾರಣ ಗೊತ್ತಿರುವ ಸಲಹೆ ಮನೆಯಲ್ಲೂ ಉಳಿಯುತ್ತದೆ.

ನಿಂತ ದ್ರವವನ್ನು ಹರಿಸಲು ರೋಗಿಯೇ ಮಾಡಿಕೊಳ್ಳುವ ಮಸಾಜ್ ಕಲಿಸುವ ಮೊದಲು ಚಿಕಿತ್ಸೆ ನೀಡುತ್ತಿರುವ ವೈದ್ಯರ ಒಪ್ಪಿಗೆ ಬೇಕು. ಗಾಯ ಮತ್ತು ರೇಡಿಯೇಶನ್‌ನಿಂದ ಸುಟ್ಟ ಚರ್ಮ ಮಾಗಿರಬೇಕು. ಚರ್ಮದ ಸೋಂಕು, ರಕ್ತನಾಳದಲ್ಲಿ ಹೆಪ್ಪು, ಹತೋಟಿಗೆ ಬಾರದ ಹೃದಯ ವೈಫಲ್ಯ, ಕುತ್ತಿಗೆಯಲ್ಲಿ ಮೆದುಳಿಗೆ ರಕ್ತ ಒಯ್ಯುವ ಕ್ಯಾರೊಟಿಡ್ ಅಪಧಮನಿಯ ತೊಂದರೆ ಅಥವಾ ಮರುಕಳಿಸಿದ ಕ್ಯಾನ್ಸರ್‌ನ ಅನುಮಾನವಿದ್ದಲ್ಲಿ ಮುಂದುವರಿಯಬಾರದು.

ಮಸಾಜ್ ಎಂದ ಕೂಡಲೇ ಎಣ್ಣೆ ಹಚ್ಚಿ ಒತ್ತಿ ತಿಕ್ಕುವ ಚಿತ್ರ ರೋಗಿಯ ಮನಸ್ಸಿಗೆ ಬರುತ್ತದೆ. ಇಲ್ಲಿ ಬೇಕಾದದ್ದು ಅದಲ್ಲ. ದುಗ್ಧನಾಳಗಳ ಮೊದಲ ಕವಲುಗಳು ಚರ್ಮದ ಅಡಿಯಲ್ಲೇ ಇರುವುದರಿಂದ, ಒಣ ಅಂಗೈಯನ್ನು ಚಪ್ಪಟೆಯಾಗಿ ಇಟ್ಟು, ಜಾರಿಸದೆ, ಚರ್ಮವನ್ನಷ್ಟೇ ಮೆಲ್ಲಗೆ ಎಳೆದು ಬಿಡಬೇಕು. ಚರ್ಮ ಕೆಂಪಾದರೆ ಒತ್ತಡ ಹೆಚ್ಚಾಯಿತೆಂದು ಅರ್ಥ. ಕ್ರಮವೂ ಮುಖ್ಯ. ಕೆಲವು ದೀರ್ಘ ಉಸಿರಾಟಗಳ ನಂತರ ಮೊದಲು ಎರಡೂ ಕಂಕುಳು, ಆಮೇಲೆ ಎದೆಯ ಮೇಲ್ಭಾಗದಿಂದ ಕಂಕುಳಿನ ಕಡೆಗೆ, ಆಮೇಲೆ ಕುತ್ತಿಗೆಯಿಂದ ಕೆಳಕ್ಕೆ, ಕೊನೆಗೆ ಗದ್ದ ಮತ್ತು ಮುಖ. ಮುಗಿಸುವಾಗ ಮತ್ತೆ ಅದೇ ದಾರಿಯಲ್ಲಿ ಕೆಳಗಿಳಿಯಬೇಕು. ಟ್ರಾಫಿಕ್ ಕಟ್ಟಿಕೊಂಡಾಗ ಮುಂದಿನ ವಾಹನ ಸರಿದ ಹೊರತು ಹಿಂದಿನದು ಚಲಿಸದು ಎಂದರೆ ಕೆಳಗಿನಿಂದ ಏಕೆ ಆರಂಭಿಸಬೇಕೆಂಬುದು ಯಾರಿಗೂ ತಿಳಿಯುತ್ತದೆ. ಗಂಟಲಿನ ಎರಡೂ ಬದಿಯನ್ನು ಒಟ್ಟಿಗೆ ಒತ್ತಬಾರದು. ಕುತ್ತಿಗೆಯಲ್ಲಿ ಉಸಿರಾಟದ ರಂಧ್ರವಿರುವವರು ಕೈ ಅದನ್ನು ಮುಚ್ಚದಂತೆ ನೋಡಿಕೊಳ್ಳಬೇಕು.

ಕಲಿಸುವವರು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದಿದೆ. ಶಸ್ತ್ರಚಿಕಿತ್ಸೆಯ ನಂತರ ಗದ್ದ ಮತ್ತು ಕುತ್ತಿಗೆಯ ಚರ್ಮ ಮರಗಟ್ಟಿರುತ್ತದೆ, ಹಾಗಾಗಿ ತಾನು ಎಷ್ಟು ಒತ್ತುತ್ತಿದ್ದೇನೆಂದು ರೋಗಿಗೆ ಅಲ್ಲಿ ಗೊತ್ತೇ ಆಗುವುದಿಲ್ಲ. ಮೊದಲು ಅವರ ಮುಂದೋಳಿನ ಮೇಲೆ ನಿಮ್ಮ ಕೈಯಿಟ್ಟು ಹದ ತೋರಿಸಿ, ಅದೇ ಒತ್ತಡವನ್ನು ನಿಮ್ಮ ತೋಳಿನ ಮೇಲೆ ಅವರಿಂದ ಮಾಡಿಸಿ, ಆಮೇಲೆ ಕನ್ನಡಿಯ ಮುಂದೆ ಕೂರಿಸಿ ಪೂರ್ತಿ ಕ್ರಮವನ್ನು ಅವರೇ ಮಾಡುವುದನ್ನು ಸುಮ್ಮನೆ ನೋಡಿ. ತಲೆಯಾಡಿಸಿ “ಗೊತ್ತಾಯ್ತು” ಎನ್ನುವುದನ್ನು ಕಲಿಕೆಯೆಂದು ನಾನು ಒಪ್ಪುವುದಿಲ್ಲ. ಭುಜ ಎತ್ತಲಾಗದವರಿಗೆ, ಕೈ ನಡುಗುವವರಿಗೆ ಮನೆಯವರೊಬ್ಬರು ಜೊತೆಗೆ ಕಲಿಯಬೇಕಾಗುತ್ತದೆ. ಅವರ ಮೊಬೈಲ್‌ನಲ್ಲೇ ವಿಡಿಯೋ ಮಾಡಿಕೊಟ್ಟರೆ ಅಚ್ಚಾದ ಕರಪತ್ರಕ್ಕಿಂತ ಹೆಚ್ಚು ಉಪಯೋಗ.

ದವಡೆ, ಕುತ್ತಿಗೆ ಮತ್ತು ಭುಜದ ವ್ಯಾಯಾಮ, ನುಂಗುವ ವ್ಯಾಯಾಮ ಇವೆಲ್ಲ ದ್ರವವನ್ನು ಮುಂದೆ ತಳ್ಳಲು ನೆರವಾಗುತ್ತವೆ. ಬಾವನ್ನು ಹದವಾಗಿ ಒತ್ತಿಹಿಡಿಯಲು ಗದ್ದಕ್ಕೆ ಕಟ್ಟುವ ಕಂಪ್ರೆಷನ್ ಪಟ್ಟಿಯನ್ನು ತರಬೇತಿ ಪಡೆದ ಥೆರಪಿಸ್ಟ್ ಅಳತೆ ನೋಡಿಯೇ ಕೊಡಬೇಕು, ಕುತ್ತಿಗೆಯ ಸುತ್ತ ಬಿಗಿಯುವಂಥದ್ದು ಕೂಡದು. ಚರ್ಮಕ್ಕೆ ವಾಸನೆಯಿಲ್ಲದ ತೇವಕಾರಕ ಕ್ರೀಮ್, ಬಿಸಿಲಿನಿಂದ ರಕ್ಷಣೆ, ಗಡ್ಡಕ್ಕೆ ಬ್ಲೇಡಿನ ಬದಲು ವಿದ್ಯುತ್ ರೇಜರ್ ಸಾಕು.

ಇಷ್ಟನ್ನೂ ಒಂದೇ ದಿನ ಹೇರಿದರೆ ಯಾವುದೂ ಉಳಿಯುವುದಿಲ್ಲ. ಒಣಗಿದ ಬಾಯಿ, ದಣಿವು, ಊಟದ ತಾಪತ್ರಯಗಳ ನಡುವೆ ರೋಗಿಗೆ ನಿಜವಾಗಿ ಸಿಗುವ ಸಮಯವೆಷ್ಟು ಎಂದು ಕೇಳಿ, ಬೆಳಗಿನ ಹದಿನೈದು ನಿಮಿಷದ ಮಸಾಜಿನಿಂದ ಆರಂಭಿಸಿ, ಉಳಿದದ್ದನ್ನು ಮುಂದಿನ ಭೇಟಿಗಳಲ್ಲಿ ಸೇರಿಸಬಹುದು. ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲೇ ಹಿಂಜರಿಯುವವರಿಗೆ ಈ ಆರಂಭವೂ ಕಷ್ಟವೇ. ಅವರನ್ನು ಸೋಮಾರಿಗಳೆಂದು ಭಾವಿಸದೆ ಆಪ್ತಸಮಾಲೋಚಕರ ನೆರವು ಒದಗಿಸಬೇಕು. ಅದೇ ಬೆಳಕಿನಲ್ಲಿ, ಅದೇ ಹೊತ್ತಿನಲ್ಲಿ ತೆಗೆದ ಫೋಟೋ ಮತ್ತು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಗದ್ದದಡಿಯಿಂದ ಹಿಡಿದ ಟೇಪಿನ ಅಳತೆ, ನಿಧಾನವಾಗಿ ಆಗುವ ಸುಧಾರಣೆಯನ್ನು ತೋರಿಸಿಕೊಡುತ್ತವೆ.

ಯಾವಾಗ ಮನೆಯ ಆರೈಕೆಯನ್ನು ನಿಲ್ಲಿಸಬೇಕೆಂಬುದನ್ನು ಬರೆದೇ ಕೊಡಿ. ಚರ್ಮ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದು ಸೋಂಕಾಗಿರಬಹುದು, ಮಸಾಜ್ ಬಿಟ್ಟು ಅದೇ ದಿನ ವೈದ್ಯರನ್ನು ಕಾಣಬೇಕು. ಉಸಿರಾಟ ಕಷ್ಟವಾದರೆ ಅಥವಾ ಉಸಿರೆಳೆಯುವಾಗ ಕೀರಲು ಸದ್ದು ಬಂದರೆ ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗಬೇಕು. ಹೊಸ ಗಂಟು, ಹೊಸ ನೋವು ಅಥವಾ ದಿಢೀರನೆ ಹೆಚ್ಚಿದ ಬಾವನ್ನು ಕ್ಯಾನ್ಸರ್ ತಂಡ ಪರೀಕ್ಷಿಸಬೇಕು. ಕುತ್ತಿಗೆಗೆ ರೇಡಿಯೇಶನ್ ಪಡೆದವರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿಯೂ ಮುಖ ಊದಿಕೊಳ್ಳಬಹುದಾದ್ದರಿಂದ, 6ರಿಂದ 12 ತಿಂಗಳಿಗೊಮ್ಮೆ ಆ ಗ್ರಂಥಿಯ ಸ್ಥಿತಿ ತೋರಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಆಗಿದೆಯೇ ಎಂದು ಕಡತದಲ್ಲಿ ನೋಡಿಕೊಳ್ಳಿ.