ಬಿಪಿ ಇದ್ದರೆ ಅಡುಗೆ ಉಪ್ಪು ಬದಲಿಸಬಹುದಾ?

ಗಂಗಾವತಿಯಲ್ಲಿದ್ದು ಒಗ್ಗರಣೆ-ಮಿರ್ಚಿ ಬಿಡುವುದು ಸುಲಭವಲ್ಲ ಬಿಡಿ. ಬಿಪಿ ಬಂದ ಮೇಲೆ ನಮ್ಮವ್ವ ಮಿರ್ಚಿ ಬಿಟ್ಟಳು, ರೊಟ್ಟಿ ಜೊತೆಗಿನ ಉಪ್ಪಿನಕಾಯಿ ಮಾತ್ರ ಬಿಡಲಿಲ್ಲ. ಕೊನೆಗೆ ಡಾಕ್ಟರನ್ನು ಕೇಳಿ ಉಪ್ಪನ್ನೇ ಬದಲಿಸಿದೆವು. ಲೋ ಸೋಡಿಯಂ ಉಪ್ಪು ಅಂತ ಪ್ಯಾಕೆಟ್ ಸಿಗುತ್ತದೆ, ಬಿಪಿ ಏರಿಸುವ ಸೋಡಿಯಂ ಕಡಿಮೆ ಮಾಡಿ ಅದರ ಬದಲು ಪೊಟ್ಯಾಸಿಯಂ ಸೇರಿಸಿದ ಉಪ್ಪು.

ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರನ್ನು ಹೆಚ್ಚುಕಡಿಮೆ ಐದು ವರ್ಷ ಗಮನಿಸಿದ ಅಧ್ಯಯನ 2021ರಲ್ಲಿ ಹೊರಬಂತು. ಎಲ್ಲರೂ ಮೊದಲೇ ಲಕ್ವಾ ಹೊಡೆದವರು, ಇಲ್ಲವೇ 60 ದಾಟಿದ ಬಿಪಿಯವರು. ಅರ್ಧ ಹಳ್ಳಿಗಳಿಗೆ ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಕೊಟ್ಟರು. ಮಾಮೂಲಿ ಉಪ್ಪು ತಿಂದ ಉಳಿದ ಹಳ್ಳಿಗಳಿಗಿಂತ ಅಲ್ಲಿ ಲಕ್ವಾ ಶೇ. 14ರಷ್ಟು ಕಡಿಮೆಯಾಯಿತು. ಬರೀ ಉಪ್ಪು ಬದಲಿಸಿದ್ದಕ್ಕೆ ಇಷ್ಟು ಅಂದರೆ ಜಾಸ್ತಿನೇ ಅಲ್ವಾ?

ಆದರೆ ಒಂದು ಮಾತು, ದಯವಿಟ್ಟು ಗಮನಿಸಿ. ಕಿಡ್ನಿ ತೊಂದರೆ ಇದ್ದವರು ಇದನ್ನು ಮುಟ್ಟಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಕೆಲವು ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ, ಹಾಗಾಗಿ ಮಾತ್ರೆಯ ಪಟ್ಟಿಯನ್ನೇ ಡಾಕ್ಟರಿಗೆ ತೋರಿಸಿ ಕೇಳಿ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪ್ಪನ್ನು ಸೂಚಿಸಿದಾಗಲೂ ಗರ್ಭಿಣಿಯರು, ಮಕ್ಕಳನ್ನು ಹೊರಗಿಟ್ಟಿದೆ. ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ಅಡುಗೆಯಾಗುವ ಮನೆಗಳಲ್ಲಿ ಇದನ್ನು ನೆನಪಿಡಿ.

ಮತ್ತೆ, ಉಪ್ಪು ಬದಲಾಯಿತು ಅಂತ ಕೈ ಸಡಿಲ ಬಿಡಬೇಡಿ. ಹಪ್ಪಳ, ಉಪ್ಪಿನಕಾಯಿಯಲ್ಲಿರುವುದೂ ಸೇರಿ ಒಟ್ಟು ಉಪ್ಪು ದಿನಕ್ಕೆ 5 ಗ್ರಾಂ ಒಳಗೇ ಇರಬೇಕು, ಅಂದರೆ ಒಂದು ಚಹಾ ಚಮಚ. ರುಚಿ? ಸಾರಿನಲ್ಲಿ ಗೊತ್ತೇ ಆಗಲ್ಲ. ಮಜ್ಜಿಗೆಗೆ ಹಾಕಿದರೆ ಮಾತ್ರ ಸ್ವಲ್ಪ ಕಹಿ ಅಂತಾಳೆ ಅವ್ವ.