ಒಂದೇ ರೆಕಾರ್ಡಿನ ಎರಡು ಪ್ರತಿಗಳಿಂದ ಬೀಟ್ ಹೊಂದಿಸಲು ಕಲಿತ ಬಗೆ

ಡಿಜೆಯಂತೆ ಎರಡು ಟರ್ನ್‌ಟೇಬಲ್‌ಗಳಲ್ಲಿ ಬೇರೆ ಬೇರೆ ಹಾಡುಗಳ ಬೀಟ್ ಹೊಂದಿಸಲು, ಅಂದರೆ ಎರಡರ ತಾಳವೂ ಒಟ್ಟಿಗೆ ಬೀಳುವಂತೆ ಓಡಿಸಲು, ಸುಮಾರು ಏಳು ತಿಂಗಳು ಹೆಣಗಾಡಿ ಸೋತ ಮೇಲೆ, ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನಷ್ಟೇ ಇಟ್ಟುಕೊಂಡು ಅಭ್ಯಾಸ ಮಾಡುತ್ತೇನೆಂದಾಗ ಜೊತೆಗಾರರೆಲ್ಲ ಅದನ್ನು ಕಾಲಹರಣವೆಂದರು. ಆರೇಳು ವಾರಗಳಲ್ಲಿ ನನ್ನ ಕಿವಿ ಪಳಗಿತು. ಈಗ ಅವರೇ ಬಂದು ವಿಧಾನ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಣ ಕಳೆದದ್ದು ಬೆಲ್ಟ್ ಡ್ರೈವ್ ಡೆಕ್‌ಗಳ (ಮೋಟಾರು ಬೆಲ್ಟಿನಿಂದ ತಿರುಗಿಸುವ ಟರ್ನ್‌ಟೇಬಲ್‌ಗಳ) ಮೇಲೆ. ಕ್ಯೂ ಮಾಡಲು, ಅಂದರೆ ಹಾಡನ್ನು ಶುರುವಾಗಬೇಕಾದ ಜಾಗದಲ್ಲಿ ಸಿದ್ಧವಾಗಿಡಲು, ರೆಕಾರ್ಡನ್ನು ಬೆರಳಿನಿಂದ ಹಿಡಿದರೆ ಕೆಳಗಿನ ತಿರುಗುವ ತಟ್ಟೆ, ಪ್ಲ್ಯಾಟರ್ ಕೂಡ ತಡವರಿಸುತ್ತಿತ್ತು. ಬಿಟ್ಟ ಮೇಲೆ ಅದು ವೇಗಕ್ಕೆ ಬರುವಷ್ಟರಲ್ಲಿ ಮೊದಲ ಬೀಟ್ ತಪ್ಪಿಹೋಗಿರುತ್ತಿತ್ತು. ದೋಷ ಕೈಯದೆಂದು ನಂಬಿ ತಿಂಗಳುಗಟ್ಟಲೆ ಕೈಯನ್ನೇ ತಿದ್ದಿದೆ. ಕೊನೆಗೆ ಅವನ್ನು ಕೊಂಡ ಬೆಲೆಯ ಮೂರನೇ ಒಂದು ಪಾಲಿಗೆ ಮಾರಿ, ಮೋಟಾರು ನೇರವಾಗಿ ತಿರುಗಿಸುವ, ಬಳಸಿದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ ಜೋಡಿಯನ್ನು ತಂದೆ. ಅಲ್ಲಿಯೂ ಸೂಜಿ ಹಾರುತ್ತಿತ್ತೆಂದು ಟೋನ್‌ಆರ್ಮ್ (ಸೂಜಿ ಹೊತ್ತ ತೋಳು) ಒತ್ತುವ ಭಾರವನ್ನು ನಾಲ್ಕು ಗ್ರಾಂ ದಾಟಿಸಿದ್ದರಿಂದ ಎರಡು ಸೂಜಿಗಳು ಸವೆದವು, ನೆಚ್ಚಿನ ರೆಕಾರ್ಡುಗಳಲ್ಲಿ ಹೈ-ಹ್ಯಾಟ್ ತಾಳದ ಚುರುಕು ದನಿ ಮಬ್ಬಾಯಿತು. ಕಾರಣವಿದ್ದದ್ದು ರೆಕಾರ್ಡಿನ ಕೆಳಗೆ ಹಾಸುವ ಒರಟು ಬಟ್ಟೆ, ಸ್ಲಿಪ್‌ಮ್ಯಾಟಿನಲ್ಲಿ. ರೆಕಾರ್ಡಿನ ಒಳಕವರಿನ ತೆಳು ಪ್ಲಾಸ್ಟಿಕ್ಕನ್ನು ದುಂಡಗೆ ಕತ್ತರಿಸಿ ಅದರಡಿಯಲ್ಲಿ ಹಾಸಿದೆ; ಖರ್ಚೇ ಇಲ್ಲದೆ ಕೆಲಸವಾಯಿತು.

ಎರಡೂ ಡೆಕ್‌ಗಳ ವೇಗ ಬದಲಿಸುವ ಪಿಚ್ ಫೇಡರುಗಳನ್ನು ಸೊನ್ನೆಯಲ್ಲಿಟ್ಟರೆ ಕಲಿಯಲು ಏನೂ ಉಳಿಯುವುದಿಲ್ಲ. ಆದ್ದರಿಂದ ಒಂದನ್ನು ಸುಮಾರು ಪ್ಲಸ್ ಮೂರಕ್ಕೆ (ಶೇಕಡಾ ಮೂರರಷ್ಟು ಹೆಚ್ಚು ವೇಗಕ್ಕೆ) ಇಟ್ಟು, ಅದರ ಅಂಕಿಗಳ ಮೇಲೆ ಟೇಪ್ ಅಂಟಿಸಿ, ಇನ್ನೊಂದನ್ನು ಕಿವಿಯಿಂದಲೇ ಹುಡುಕುತ್ತಿದ್ದೆ. ಒಂದೇ ಹಾಡಾದ್ದರಿಂದ ತಪ್ಪು ತಾನಾಗಿಯೇ ಮಾತಾಡುತ್ತದೆ: ಅಂತರ ಹೆಚ್ಚಿದ್ದರೆ ಕಿಕ್ (ಡ್ರಮ್ಮಿನ ದಪ್ಪ ಹೊಡೆತ) ಕುದುರೆಯ ಓಟದಂತೆ ಎರಡೆರಡಾಗಿ ಬೀಳುತ್ತದೆ, ಕಡಿಮೆಯಾದಂತೆ ಗೋಡೆಗೆ ಬಡಿದು ಬಂದ ಮಾರ್ದನಿಯಾಗುತ್ತದೆ, ಇನ್ನೇನು ಕೂಡುವಾಗ ಇಡೀ ದನಿ ಕೊಳವೆಯೊಳಗೆ ಗಾಳಿ ಹಾದಂತೆ ಸುಯ್ಯೆನ್ನುತ್ತದೆ. ಆ ಸುಯ್ಲು ಮತ್ತೆ ಬಿಚ್ಚಿಕೊಳ್ಳಲು ಹಿಡಿಯುವ ಹೊತ್ತೇ ನನ್ನ ಅಳತೆಗೋಲು. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟು) ಪಿಚ್ ಶೇಕಡಾ ಒಂದರಷ್ಟು ತಪ್ಪಿದರೆ ಹದಿನಾರು ಬೀಟಿಗೆ ಸುಮಾರು 80 ಮಿಲಿಸೆಕೆಂಡು ಜಾರುತ್ತದೆ. ಯಾವುದು ಮುಂದಿದೆಯೆಂದು ತಿಳಿಯದಿದ್ದರೆ ಒಂದು ಪ್ಲ್ಯಾಟರಿನ ಅಂಚನ್ನು ಬೆರಳ ತುದಿಯಿಂದ ಸವರುತ್ತೇನೆ. ದನಿ ಇನ್ನಷ್ಟು ಬೇರ್ಪಟ್ಟರೆ ಹಿಂದಿದ್ದದ್ದು ಅದೇ. ಕಿಕ್ ಇಲ್ಲದ ಭಾಗದಲ್ಲಿ ನಾನು ಯಾವ ದನಿಯನ್ನು ಹಿಡಿಯುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಬೀಟು ಬೀಳುವ ಜಾಗಗಳನ್ನು ಗುರುತಿಸಲು ರೆಕಾರ್ಡಿನ ಲೇಬಲ್ಲಿಗೆ ಸ್ಟಿಕ್ಕರ್ ಅಂಟಿಸುವ ಪ್ರಯೋಗವೊಂದನ್ನೂ ಮಾಡಿದೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು ಬೇಕು. ಹೀಗಾಗಿ 100 ಬಿಪಿಎಂ ಹಾಡಿನಲ್ಲಿ ಸುತ್ತಿಗೆ ಮೂರೇ ಬೀಟು. ಪಿಚ್ ಏರಿಸಿದರೂ, 45ರಲ್ಲಿ ಓಡಿಸಿ 135 ಮಾಡಿದರೂ, ಲೇಬಲ್ಲಿನ ಮೇಲೆ ಆ ಮೂರು ಜಾಗಗಳು ಕದಲುವುದಿಲ್ಲ. ಕ್ಯೂ ಹುಡುಕಲು ಇದು ಬಹಳ ಉಪಕಾರಿ. ಆದರೆ ಕಣ್ಣಿಗೆ ಒಗ್ಗಿ ಕಿವಿ ಸೋಮಾರಿಯಾಗುತ್ತಿದೆ ಎನಿಸಿ ಎರಡು ವಾರಕ್ಕೇ ಕಿತ್ತುಹಾಕಿದೆ.

ಏಳನೇ ವಾರದಲ್ಲಿ ಎರಡು ಬೇರೆ ರೆಕಾರ್ಡುಗಳನ್ನು ಏರಿಸಿದೆ. ಪ್ಲ್ಯಾಟರನ್ನು ಎರಡೇ ಸಲ ಮುಟ್ಟಿ, ಸುಮಾರು ಮೂರು ನಿಮಿಷ ಅವನ್ನು ಒಂದಾಗಿ ಓಡಿಸಿದೆ.