ಕಾರಿಲ್ಲದೆ ಅಲ್ಬರಸೀನ್ ನೋಡಿ ಬಂದೆ

"ಕಾರಿಲ್ಲದೆ ಅಲ್ಬರಸೀನ್ ಆಗೋ ಮಾತಲ್ಲ" ಅಂತ ವಲೆನ್ಸಿಯಾದಲ್ಲಿರುವ ಗೆಳೆಯರೆಲ್ಲ ಹೇಳಿದ್ದರು. ಅಲ್ಬರಸೀನ್ ಅಂದರೆ ಸ್ಪೇನ್‌ನ ಬೆಟ್ಟದ ಮೇಲಿನ ಒಂದು ಹಳೇ ಊರು. ಮೊದಲ ಸಲ ಅವರ ಮಾತೇ ನಿಜವಾಯಿತು. ಭಾನುವಾರ ಅದಕ್ಕೆ ಹತ್ತಿರದ ಪಟ್ಟಣ ತೆರುಯೆಲ್‌ನಲ್ಲಿ ರೈಲು ಇಳಿದರೆ ಬಸ್ಸೇ ಇಲ್ಲ. ಟ್ಯಾಕ್ಸಿಗೆ ಹೋಗ್ತಾ 50, ಬರ್ತಾ 50 ಯೂರೋ. ಸಿಕ್ಕಿದ್ದು ಮೂರು ಗಂಟೆ, ಅದೂ ಉರಿಬಿಸಿಲು, ಓಣಿ ತುಂಬಾ ಜನ.

ಎರಡನೇ ಸಲ ಬಸ್ಸಿನ ಹೊತ್ತಿಗೆ ನಾನೇ ಹೊಂದಿಕೊಂಡೆ. ಆಗ ಇದ್ದದ್ದು ದಿನಕ್ಕೊಂದು ಬಸ್ಸು. ಮಧ್ಯಾಹ್ನ ಹೋಗುತ್ತಿತ್ತು, ಬೆಳಿಗ್ಗೆ ವಾಪಸ್. ಎಲ್ಲರೂ ಬೈಯುತ್ತಿದ್ದದ್ದು ಇದಕ್ಕೇ. ಮಂಗಳವಾರ ಹೋಗಿ ಗುರುವಾರ ಬಂದೆ. 38 ಕಿಮೀ ದಾರಿಗೆ 5 ಯೂರೋ ಒಳಗೆ, ರೂಮಿಗೆ ರಾತ್ರಿಗೆ 45ರ ಆಸುಪಾಸು. ಎರಡು ರಾತ್ರಿಗೂ ಸೇರಿ, ಆ ಮೂರು ಗಂಟೆಗೆ ಕೊಟ್ಟ ಟ್ಯಾಕ್ಸಿ ದುಡ್ಡೇ ಸಾಕಾಯಿತು!

ಸಂಜೆ ಕಾರಿನವರೆಲ್ಲ ಹೊರಟ ಮೇಲೆ ಉಳಿಯೋದು ಊರಿನವರು, ಹೆಚ್ಚೆಂದರೆ ಸಾವಿರ ಜನ. ಗ್ವಾದಲವಿಯಾರ್ ಹೊಳೆ ಊರನ್ನು ಬಳಸಿಕೊಂಡು ಹರಿಯುತ್ತದೆ. ಬೆಳಿಗ್ಗೆ ಏಳಕ್ಕೆ ಕೋಟೆ ಗೋಡೆ ಪಕ್ಕದಲ್ಲೇ ಅಂದಾದೋರ್ ಬುರುಜಿನ ತನಕ ಹತ್ತಿದೆ. ಸ್ವೆಟರ್ ಮರೆಯಬೇಡಿ, ಊರಿರೋದು ಸುಮಾರು 1170 ಮೀಟರ್ ಎತ್ತರದಲ್ಲಿ. ಇಳಿದು ಬರುವಾಗ ಹೂಲಿಯಾನೆತಾ ಅನ್ನೋ ಹಳೇ ಮನೆ ಮುಂದೆ ಅರ್ಧ ಗಂಟೆ ನಿಂತೆ. ಮರದ ತೊಲೆಗಳೆಲ್ಲ ಒಂದೊಂದು ಕಡೆ ವಾಲಿವೆ, ಆದರೂ ಮನೆ ನಿಂತಿದೆ. ಇಲ್ಲಿನ ಗೋಡೆಗಳಿಗೆ ಕೆಂಪು ಜಿಪ್ಸಂ ಗಾರೆ. ಒಂದು ಗೋಡೆಗೆ ಕೈ ಆನಿಸಿದೆ, ಬೆರಳಿಗೆ ಕೆಂಪು ಪುಡಿ ಹತ್ತಿತು. ಹಳೇ ಬಾಗಿಲುಗಳಲ್ಲಿ ಹಲ್ಲಿಯ ಆಕಾರದ ಕಬ್ಬಿಣದ ಹಿಡಿಕೆ, ಅದನ್ನೇ ಹಿಡಿದು ಬಾಗಿಲು ಬಡಿಯೋದು.

ಬುಧವಾರ ರೊದೆನೋ ಪೈನ್ ಕಾಡಿಗೆ ನಡೆದೇ ಹೋದೆ. ಹೋಗಿ ಬರಲು ಹತ್ತು ಕಿಮೀ ಇರಬಹುದು. ಕೆಂಪು ಬಂಡೆ ಮೇಲೆ ಬಿಳಿ ಗೂಳಿಗಳ ಚಿತ್ರ, ಸಾವಿರಾರು ವರ್ಷ ಹಳೆಯದು. ಯುನೆಸ್ಕೋ ಪಟ್ಟಿಗೆ 1998ರಲ್ಲೇ ಸೇರಿದೆ. ಊಟಕ್ಕೆ ಕುರಿಹಾಲಿನ ಚೀಸು, ಬ್ರೆಡ್ಡು. ಸಸ್ಯಾಹಾರಿಗಳು ಮೀಗಾಸ್ (ಹುರಿದ ಬ್ರೆಡ್ ಚೂರಿನ ತಿನಿಸು) ಕೇಳುವಾಗ ಹುಷಾರು, ಹಂದಿಮಾಂಸ ಬೆರೆಸಿರುತ್ತಾರೆ.

ವಾಪಸ್ ಬರುವಾಗ ಸುಮ್ನೆ ಇರಲಾಗದೆ ದಾರಿಯಲ್ಲಿ ಗೇಯಾ ಊರಲ್ಲಿ ಇಳಿದೆ. ರೋಮನ್ನರು ಬಂಡೆ ಕೊರೆದು ಅಲ್ಬರಸೀನ್‌ನಿಂದ ಸೆಲ್ಯಾ ಊರಿನ ತನಕ ಸುಮಾರು 25 ಕಿಮೀ ನೀರು ಹರಿಸಿದ ಕಾಲುವೆ ಅಲ್ಲೇ ಇದೆ. ಸುರಂಗದ ಗೋಡೆ ತಡವಿದರೆ ಉಳಿಪೆಟ್ಟಿನ ಗೀರು ಕೈಗೇ ಸಿಗುತ್ತದೆ. ಆದರೆ ಆ ದಿನ ಬೇರೆ ಬಸ್ಸಿಲ್ಲ, ಟ್ಯಾಕ್ಸಿಗೆ ಮತ್ತೆ 35 ಯೂರೋ ಹೋಯಿತು. ಮುಂದಿನ ಸಲ ಗೇಯಾದಲ್ಲೂ ಒಂದು ರಾತ್ರಿ ಉಳಿಯುತ್ತೇನೆ.